ಒಗರಿನ ಬಣ್ಣ

ಬೇಕರಿಯ ಬುಟ್ಟಿಗಳಿಗೆ ಬೂಷ್ಟು ಹಿಡಿಯುವುದು ಹೊಸ ಸಂಗತಿಯೇನಲ್ಲ. ನಾದಿದ ಹಿಟ್ಟನ್ನು ಉಬ್ಬಲು ಬಿಡುವ ಬೆತ್ತದ ಬುಟ್ಟಿಗಳು ಅವು. ಹಿಟ್ಟು ಅಂಟದಿರಲೆಂದು ಒಳಗೆ ಬಟ್ಟೆ ಹಾಸಿರುತ್ತಾರೆ. ಹಿಟ್ಟಿನ ಪಸೆ ಬಟ್ಟೆಗೆ ಇಳಿಯುತ್ತದೆ, ಒಲೆಯ ಕಾವು ಅದನ್ನು ಬೆಚ್ಚಗಿಡುತ್ತದೆ, ಹೊರಗೆ ಮೋಡ ಕವಿದಿದ್ದರೆ ಬಿಸಿಲಿಗೆ ಹರವುವ ಮಾತೇ ಇಲ್ಲ. ಕೆಲವು ದಿನ ಹೀಗೇ ಹೋದರೆ ಬಟ್ಟೆಯ ಮೇಲೆ ಕರಿಹಸಿರು ಚುಕ್ಕೆಗಳು ಏಳುತ್ತವೆ. ಬೇಕರಿಯವನು ಪ್ರತಿ ವರ್ಷ ಥಂಡಿಯ ದಿನಗಳಲ್ಲಿ ಗೊಣಗಿಕೊಂಡೇ ಅವನ್ನು ಕಿತ್ತೆಸೆದು ಹೊಸದು ಹಾಸುತ್ತಿದ್ದ.

ಆ ವರ್ಷ ಹೊಸ ಬಟ್ಟೆ ಸಾಲದೆ ಅವನು ಹೆಂಡತಿಯ ಗಂಟಿಗೆ ಕೈ ಹಾಕಿದ. ಬೇಕರಿಯ ಹಿಂದಿನ ಕೋಣೆಯಲ್ಲಿ ಅವಳದು ಬಣ್ಣದ ಕೆಲಸ. ಸಿಪ್ಪೆ, ಬೇರು, ತೊಗಟೆ, ಎಲೆಗಳಿಂದ ಬಣ್ಣ ತೆಗೆದು ಬಟ್ಟೆಗೆ ಹಾಕುತ್ತಾಳೆ. ಬೀದಿಯಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಅವಳು ಬಣ್ಣದಕ್ಕ. ದಾಳಿಂಬೆ ಸಿಪ್ಪೆಯ ಹಳದಿಯಲ್ಲಿ ಅದ್ದಿದ ಬಟ್ಟೆಯೊಂದು ಮಚ್ಚೆ ಮಚ್ಚೆಯಾಗಿ ಬಂದದ್ದರಿಂದ, ಹೇಳಿ ಮಾಡಿಸಿದವರೇ ಬೇಡವೆಂದು ಬಿಟ್ಟುಹೋಗಿದ್ದರು. ಹೇಗೂ ಮೂಲೆಗೆ ಬಿದ್ದದ್ದು ಎಂದು ಗಂಡ ಅದನ್ನೇ ಕತ್ತರಿಸಿ ಅರ್ಧದಷ್ಟು ಬುಟ್ಟಿಗಳಿಗೆ ಹಾಸಿದ. ಬಣ್ಣದಕ್ಕ ಮುಖ ಊದಿಸಿಕೊಂಡು ಓಡಾಡಿದಳು. ಬ್ರೆಡ್ಡಿನ ತಳಕ್ಕೂ ಒಂಚೂರು ಹಳದಿ ಹತ್ತಿ, ಇದಕ್ಕೆ ಮೊಟ್ಟೆ ಹಾಕಿದ್ದೀರಾ ಎಂದು ಗಿರಾಕಿಗಳು ಕೇಳತೊಡಗಿದ ಮೇಲೆ ಅವಳ ಸಿಟ್ಟು ನಗುವಿಗೆ ತಿರುಗಿತು.

ಚೋದ್ಯ ಕಂಡದ್ದು ಆಮೇಲೆ. ಒಂದು ಬೆಳಿಗ್ಗೆ ಗಂಡ ಅವಳನ್ನು ಕರೆದು ಎರಡು ಬುಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಿಳಿ ಬಟ್ಟೆ ಹಾಸಿದ್ದರ ತುಂಬ ಬೂಷ್ಟು; ಬೆರಳಿಟ್ಟರೆ ಪುಡಿ ಏಳುವಷ್ಟು. ಹಳದಿ ಬಟ್ಟೆಯದು ಈಗಷ್ಟೇ ಒಗೆದು ಹಾಸಿದ ಹಾಗಿತ್ತು. ಎರಡೂ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಇದ್ದವು, ಹಿಟ್ಟೂ ಒಂದೇ ಎಂದು ಅವನು ಹೇಳಿದ. ಬಣ್ಣದಕ್ಕ ಹಳದಿ ಬಟ್ಟೆಯನ್ನು ಮೂಸಿ ನೋಡಿದಳು. ಹುಳಿ ವಾಸನೆಯಿಲ್ಲ, ಮುಗ್ಗಲು ವಾಸನೆಯಿಲ್ಲ. ಒಣಗಿದ ಸಿಪ್ಪೆಯ ಘಾಟು ಮಾತ್ರ ಎಲ್ಲೋ ದೂರದಲ್ಲಿದ್ದಂತೆ ಇತ್ತು. ಬಣ್ಣ ಎಂದರೆ ಕಣ್ಣಿಗೆ ಕಾಣುವುದು ಎಂದಷ್ಟೇ ಅವಳು ಅಲ್ಲಿಯವರೆಗೆ ತಿಳಿದಿದ್ದಳು. ಕಣ್ಣಿಗೆ ಕಾಣದ ಏನನ್ನೋ ಅದು ಮಾಡುತ್ತಿದೆ ಎಂಬ ಯೋಚನೆ ಅವತ್ತು ಹೊಕ್ಕದ್ದು ತಲೆಯಿಂದ ಇಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂರುವುದು ರೂಢಿ. ಅತ್ತೆ ಮೇಜಿನ ತುದಿಯಲ್ಲಿ, ಮಗ ಸೊಸೆ ಒಂದು ಕಡೆ, ಮಗಳು ಇನ್ನೊಂದು ಕಡೆ. ಈ ಮಗಳು, ಎಂದರೆ ಬಣ್ಣದಕ್ಕನ ನಾದಿನಿ, ದೊಡ್ಡಾಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ರೋಗಿಗಳ ಕೀವು, ರಕ್ತ, ಕಫದಲ್ಲಿ ಯಾವ ಸೂಕ್ಷ್ಮಜೀವಿ ಕೂತಿದೆ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ಪತ್ತೆ ಹಚ್ಚುವುದು ಅವಳ ಕೆಲಸ. ತೆಳ್ಳಗೆ ಉದ್ದಕ್ಕಿದ್ದಾಳೆ, ಮಾತು ಚುಚ್ಚುತ್ತದೆ. ಚಿಕ್ಕಂದಿನಲ್ಲೇ ಅಣ್ಣ ಅವಳಿಗೆ ಸೂಜಿ ಎಂದು ಹೆಸರಿಟ್ಟಿದ್ದ, ಅದೇ ಉಳಿಯಿತು.

ಬುಟ್ಟಿಯ ಕತೆಯನ್ನು ಅಣ್ಣ ಉಪ್ಪು ಖಾರ ಹಚ್ಚಿ ಹೇಳಿದ. ಸೂಜಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಒಂದು ಬುಟ್ಟಿಗೆ ಗಾಳಿ ಹೆಚ್ಚು ಬಂದಿರಬಹುದು, ಒಂದು ಬಟ್ಟೆ ಬೇಗ ಒಣಗಿರಬಹುದು, ಅಷ್ಟರಿಂದ ಏನೂ ಹೇಳಲಾಗದು ಎಂದಳು. ಅವಳು ಹೇಳಿದ್ದು ಸರಿಯೇ ಇತ್ತು, ಆದರೆ ಹೇಳಿದ ರೀತಿಗೆ ಬಣ್ಣದಕ್ಕನ ಕಿವಿ ಬಿಸಿಯಾಯಿತು.

"ಹಾಗಾದ್ರೆ ನೀನೇ ನೋಡಿ ಹೇಳು," ಎಂದಳು ಬಣ್ಣದಕ್ಕ. "ಗಾಳಿ ಇಲ್ಲದ ಕಡೆ ಇಟ್ಟು ನೋಡು."

"ನೋಡ್ತೀನಿ ಅತ್ತಿಗೆ. ಆದ್ರೆ ನಾನು ನೋಡಿದ್ಮೇಲೆ ಏನು ಬರುತ್ತೋ ಅದನ್ನ ನೀವು ಒಪ್ಕೋಬೇಕು. ನಾನೂ ಒಪ್ಕೋತೀನಿ."

ಅತ್ತೆ ನೀರು ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, ಈ ಮನೆಯಲ್ಲಿ ಇಬ್ಬರು ಒಪ್ಪಿದ್ದನ್ನು ನಾನು ಇನ್ನೂ ನೋಡಿಲ್ಲ, ಅದಕ್ಕಾದರೂ ಬದುಕಿರುತ್ತೇನೆ ಎಂದರು. ಮಗ ಹೊಟ್ಟೆ ಹಿಡಿದುಕೊಂಡು ನಕ್ಕ.

ಬಣ್ಣ ಹಾಕಿದ ಚೂರುಗಳ ಜೊತೆ ಅದೇ ಬಟ್ಟೆಯ ಬಣ್ಣವಿಲ್ಲದ ಚೂರುಗಳೂ ಬೇಕು, ಎರಡನ್ನೂ ಒಂದೇ ಅಳತೆಗೆ ಕತ್ತರಿಸಿರಬೇಕು, ಒಂದೇ ನೀರಿನಲ್ಲಿ ಜಾಲಿಸಿರಬೇಕು ಎಂದು ಸೂಜಿ ಹೇಳಿ ಕಳಿಸಿದಳು. ಬಣ್ಣದಕ್ಕ ಅವನ್ನು ಬಿಳಿ ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋದಳು. ಪ್ರಯೋಗಾಲಯ ನೆಲಮಾಳಿಗೆಯಲ್ಲಿತ್ತು. ಉದ್ದನೆಯ ಕಲ್ಲಿನ ಕಟ್ಟೆ, ಮೇಲೆ ಬರ್ನರಿನ ಸಣ್ಣ ನೀಲಿ ಉರಿ, ಗೋಡೆಗೆ ಒರಗಿ ಮಂಚದುದ್ದದ ಬೆಚ್ಚನೆಯ ಪೆಟ್ಟಿಗೆ. ಅದರೊಳಗೆ ಅಂಗೈಯಗಲದ ಗಾಜಿನ ತಟ್ಟೆಗಳು ಒಂದರ ಮೇಲೊಂದು ಪೇರಿಸಿದ್ದವು.

ಸೂಜಿ ಕೈಗವಸು ಹಾಕಿಕೊಂಡು ಒಂದು ತಟ್ಟೆ ತೆಗೆದು, ಮುಚ್ಚಳ ತೆರೆಯದೆಯೇ ಬೆಳಕಿಗೆ ಹಿಡಿದು ತೋರಿಸಿದಳು. ಗಾಜಿನೊಳಗೆ ಗಟ್ಟಿಯಾದ ತಿಳಿ ಗಂಜಿಯಂಥ ಪದರ. ಅದರ ಮೇಲೆ ದುಂಡು ದುಂಡಗೆ, ನುಣ್ಣಗೆ, ಉಬ್ಬಿದ ಹನಿಗಳು. ಬೆಣ್ಣೆ ಕಾಯಿಸುವಾಗ ಮೇಲೆ ಬರುವ ಹೊಂಬಣ್ಣ. ಬಣ್ಣದಕ್ಕ ಬಣ್ಣವನ್ನು ನೋಡಿದರೆ ಸುಮ್ಮನಿರುವವಳಲ್ಲ. ಈ ಚಿನ್ನದ ಹಳದಿ ಬಟ್ಟೆಗೆ ಬರಬೇಕೆಂದು ಎಷ್ಟು ವರ್ಷ ಒದ್ದಾಡಿದ್ದಳೋ.

"ಎಷ್ಟು ಚೆನ್ನಾಗಿದೆ," ಎಂದುಬಿಟ್ಟಳು.

ಸೂಜಿ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು.

"ಅಪ್ಪನ್ನ ತಗೊಂಡು ಹೋಗಿದ್ದು ಇದೇ," ಎಂದಳು. "ಇದೇ ಜಾತಿ."

ಮಾವನನ್ನು ಬಣ್ಣದಕ್ಕ ನೋಡಿರಲಿಲ್ಲ. ಅವಳು ಆ ಮನೆಗೆ ಸೊಸೆಯಾಗಿ ಬರುವ ಮುಂಚಿನ ಮಾತು. ಬೇಕರಿಯ ಕಬ್ಬಿಣದ ತಟ್ಟೆಯ ಅಂಚು ತಗುಲಿ ಅವರ ಅಂಗೈ ತರಚಿತ್ತಂತೆ. ಕೈಗೆ ಸಿಕ್ಕಿದ ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸಿದರಂತೆ. ವಾರ ಕಳೆಯುವುದರೊಳಗೆ ಜ್ವರ ಏರಿ, ನಂಜು ಮೈಗೆಲ್ಲ ಹರಡಿ, ಜೀವವೇ ಹೋಗಿಬಿಟ್ಟಿತ್ತು. ಆಗ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಓದಬೇಕೆಂದಿದ್ದ ಮಗಳು ಹಟಕ್ಕೆ ಬಿದ್ದವಳಂತೆ ಸೂಕ್ಷ್ಮಜೀವಿಗಳ ಓದಿಗೆ ಸೇರಿದಳು. ಇಷ್ಟು ಬಣ್ಣದಕ್ಕನಿಗೆ ಗೊತ್ತಿತ್ತು. ಆ ಜೀವಿಗೆ ಇಂಥ ಬಣ್ಣವಿದೆ ಎಂದು ಗೊತ್ತಿರಲಿಲ್ಲ. ಅವಳು ಕಾಗದದ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟಳು.

ಸೂಜಿ ಕೆಲಸಕ್ಕೆ ಕೈ ಹಚ್ಚಿದಳು. ಹೊಸ ತಟ್ಟೆಯ ಮೇಲೆ ಆ ಹೊಂಬಣ್ಣದ ಜೀವಿಯನ್ನು ತೆಳ್ಳಗೆ ಸವರಿದಳು. ಚಿಮಟದಲ್ಲಿ ಹಿಡಿದು ಒಂದು ಬಿಳಿ ಚೂರು, ಒಂದು ಹಳದಿ ಚೂರು ಇಟ್ಟಳು. ಮುಚ್ಚಿ ಪೆಟ್ಟಿಗೆಗೆ ಸೇರಿಸಿದಳು. ರಾತ್ರಿಯೆಲ್ಲ ಮೈಯ ಕಾವಿನಷ್ಟೇ ಕಾವಿನಲ್ಲಿ ಅವು ಬೆಳೆಯುತ್ತವೆ, ತಟ್ಟೆ ತುಂಬ ಮಂಜು ಕವಿದ ಹಾಗೆ ಹರಡುತ್ತವೆ, ಬಟ್ಟೆಯ ಮೇಲೂ ಹತ್ತುತ್ತವೆ, ನೋಡುತ್ತಿರಿ ಎಂದಳು.

ಅದಾದ ಮೇಲೆ ಕೆಲವು ದಿನ ಅವಳಿಂದ ಸುದ್ದಿಯೇ ಇಲ್ಲ. ಭಾನುವಾರದ ಊಟಕ್ಕೂ ಬರಲಿಲ್ಲ. ಸೋತದ್ದನ್ನು ಹೇಳುವುದಕ್ಕೆ ನಾಚಿಕೆಯಿರಬೇಕು ಎಂದು ಅಣ್ಣ ಅಂದ. ಗೆದ್ದಿದ್ದರೆ ಬಾಗಿಲು ಒದ್ದುಕೊಂಡು ಬರುತ್ತಿದ್ದಳು ಎಂದು ಅತ್ತೆಯೂ ದನಿಗೂಡಿಸಿದರು. ಕೊನೆಗೆ ಒಂದು ಬೆಳಿಗ್ಗೆ ಫೋನ್ ಬಂತು. ಒಂದು ಸಲ ಬಂದು ಹೋಗಿ ಅತ್ತಿಗೆ ಎಂದಷ್ಟೇ ಹೇಳಿ ಇಟ್ಟಳು.

ಕಟ್ಟೆಯ ಮೇಲೆ ಒಂದಲ್ಲ, ಸಾಲಾಗಿ ಎಷ್ಟೋ ತಟ್ಟೆಗಳಿದ್ದವು. ಮೊದಲ ದಿನ ಬಂದದ್ದನ್ನು ಸೂಜಿ ನಂಬಿರಲಿಲ್ಲ. ತನ್ನ ಕೈಯಲ್ಲೇ ಏನೋ ತಪ್ಪಿರಬೇಕೆಂದು ಮತ್ತೆ ಮಾಡಿದ್ದಳು, ಜೀವಿಯನ್ನು ಬದಲಿಸಿ ಮಾಡಿದ್ದಳು, ಸಹೋದ್ಯೋಗಿಯೊಬ್ಬಳಿಗೆ ಯಾವ ಚೂರು ಏನೆಂದು ತಿಳಿಸದೆ ಮಾಡಿಸಿದ್ದಳು. ಈಗ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದಳು.

ತಟ್ಟೆ ತುಂಬ ಹೊಂಬಣ್ಣದ ಮಂಜು. ಬಿಳಿ ಚೂರಿನ ಮೇಲೂ ಅದು ಹತ್ತಿ ಹೋಗಿತ್ತು, ಎಳೆ ಎಳೆಯೂ ಮುಚ್ಚಿತ್ತು. ಹಳದಿ ಚೂರಿನ ಸುತ್ತ ಮಾತ್ರ ಒಂದು ಬಳೆ. ಬಳೆಯೊಳಗೆ ಏನೂ ಇಲ್ಲ. ನೀರಿನಷ್ಟು ತಿಳಿ, ಆಚೆಗಿನ ದೀಪ ಕಾಣುವಷ್ಟು ತಿಳಿ. ಲಕ್ಷ ಲಕ್ಷ ಜೀವಿಗಳು ಎಲ್ಲ ಕಡೆಯಿಂದ ನುಗ್ಗಿ ಬಂದು, ಯಾರೋ ಗೆರೆ ಎಳೆದ ಹಾಗೆ ಒಂದೇ ದೂರದಲ್ಲಿ ನಿಂತುಬಿಟ್ಟಿದ್ದವು. ಮುಂದಿನ ತಟ್ಟೆಯಲ್ಲೂ ಅದೇ ಬಳೆ. ಅದರ ಮುಂದಿನದರಲ್ಲೂ.

ಬಣ್ಣದಕ್ಕ ತಟ್ಟೆಯ ಹತ್ತಿರಕ್ಕೆ ಬಗ್ಗಿದಳು. ಗುಡ್ಡೆ ಹಾಕಿದ ಸಿಪ್ಪೆ, ನೆನೆಸಿ ಕುದಿಸಿ ಸೋಸಿದ ನೀರು, ಬಣ್ಣ ಕಚ್ಚಲೆಂದು ಹಾಕಿದ ಪಟಿಕ, ತನ್ನ ತೋಳು ನೋಯುವವರೆಗೆ ಹಿಂಡಿದ ಬಟ್ಟೆ: ಇಷ್ಟೂ ಅವಳಿಗೆ ಅಂಗೈ ರೇಖೆಯಷ್ಟು ಪರಿಚಿತ. ಅದರೊಳಗೆ ಇದೆಲ್ಲಿ ಅಡಗಿ ಕೂತಿತ್ತು? ತಾನು ಹಾಕದೆ ಇದ್ದದ್ದು ಅಲ್ಲಿಗೆ ಹೇಗೆ ಬಂತು? ಅವಳು ಅದನ್ನೇ ಕೇಳಿದಳು.

"ದಾಳಿಂಬೆ ಸಿಪ್ಪೆ ಕಚ್ಚಿದ್ರೆ ನಾಲಿಗೆ ಒಗರಾಗುತ್ತಲ್ಲ," ಎಂದಳು ಸೂಜಿ. "ಆ ಒಗರೇ ಇದು. ಕಾಳು ಒಳಗೆ ಸಿಹಿಯಾಗಿ, ರಸ ತುಂಬ್ಕೊಂಡು ಕೂತಿರುತ್ತೆ. ಅದನ್ನ ಕೊಳೆಸೋಕೆ ಎಷ್ಟು ಜನ ಕಾಯ್ತಿರ್ತಾರೆ ಯೋಚನೆ ಮಾಡಿ. ಗಿಡಕ್ಕೆ ಓಡಿ ಹೋಗೋಕೆ ಕಾಲಿಲ್ಲ, ಹೊಡೆಯೋಕೆ ಕೈಯಿಲ್ಲ. ಸಿಪ್ಪೆಯಲ್ಲಿ ಒಗರು ತುಂಬಿ ಇಟ್ಟಿದೆ."

"ಅಂದ್ರೆ ಬಣ್ಣ?"

"ಬಣ್ಣ ನಮಗೆ ಕಾಣೋದು. ಗಿಡ ಮಾಡ್ಕೊಂಡಿದ್ದು ತನ್ನ ಮಕ್ಕಳಿಗೋಸ್ಕರ."

ಬಣ್ಣದಕ್ಕ ಅಲ್ಲೇ ಎತ್ತರದ ಸ್ಟೂಲಿನ ಮೇಲೆ ಕೂತಳು. ಇಷ್ಟು ಕಾಲ ಅವಳು ಚೆಂದಕ್ಕೆಂದು ತೆಗೆದುಕೊಂಡದ್ದೆಲ್ಲ ಯಾವುದೋ ಬೀಜದ ಕಾವಲು. ಈರುಳ್ಳಿಯ ಹೊರಸಿಪ್ಪೆ, ಮಣ್ಣೊಳಗಿನ ಕೆಂಪು ಬೇರು, ಮರದ ತೊಗಟೆ, ಎಲ್ಲವೂ ಗಿಡದ ಅಂಚಿನಲ್ಲಿರುವಂಥವೇ, ಹೊರಗಿನ ಲೋಕ ತಾಗುವ ಜಾಗದಲ್ಲಿರುವಂಥವೇ. ಇದು ತನಗೆ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎನ್ನಿಸಿತು. ಜೊತೆಗೇ, ಹೊಳೆಯಲು ಈ ನೆಲಮಾಳಿಗೆಯೂ ಈ ಹುಡುಗಿಯೂ ಬೇಕಿತ್ತು ಎಂದೂ ಅನ್ನಿಸಿತು.

ಸೂಜಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ, ಬೆನ್ನು ತಿರುಗಿಸಿಯೇ ಹೇಳಿದಳು. "ಇದು ಔಷಧಿ ಅಲ್ಲ ಅತ್ತಿಗೆ. ಅಪ್ಪನ ಕೈಗೆ ಇದೇ ಬಟ್ಟೆ ಸುತ್ತಿದ್ರೂ ಅವರು ಉಳೀತಿದ್ರು ಅಂತ ನಾನು ಹೇಳಲ್ಲ. ರಕ್ತಕ್ಕೆ ಇಳಿದ್ಮೇಲೆ ಬಟ್ಟೆ ಏನು ಮಾಡುತ್ತೆ? ಹಾಗಂತ ಯಾರಿಗೂ ಹೇಳ್ಬೇಡಿ." ಕೊನೆಯ ತಟ್ಟೆಯನ್ನು ಮೇಲಿಟ್ಟು, "ಆದ್ರೆ ಇಷ್ಟು ವರ್ಷದಲ್ಲಿ ಇದು ಒಂದು ಬಟ್ಟೆ ಚೂರಿಗೆ ಹೆದರಿ ನಿಂತಿದ್ದನ್ನ ನಾನು ನೋಡಿದ್ದು ಇದೇ ಮೊದಲು," ಎಂದಳು.

ಹೇಳಬೇಡ ಎಂದದ್ದನ್ನು ಹೇಳದಿರುವುದು ಬಣ್ಣದಕ್ಕನಿಂದಾಗುವ ಕೆಲಸವಲ್ಲ. ಔಷಧಿ ಎನ್ನಲಿಲ್ಲ, ನಿಜ. ಬಳೆಯ ಕತೆಯನ್ನು ಮಾತ್ರ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿದಳು. ಗಂಡನಿಗೆ ಅಂಗಿ, ಅತ್ತೆಗೆ ಕಾಲುಚೀಲ, ಎದುರುಮನೆಯ ಬಾಣಂತಿಗೆ ಕೂಸಿನ ಹಾಸು, ಎಲ್ಲ ದಾಳಿಂಬೆ ಹಳದಿ. ತಮ್ಮ ಪಾದ ಈಗ ಕೊಳೆಯುವ ಭಯವಿಲ್ಲ, ಬುಟ್ಟಿಯಲ್ಲಿಟ್ಟರೆ ಉಬ್ಬಿದರೂ ಉಬ್ಬೀತು ಎಂದು ಅತ್ತೆ ಬಂದವರಿಗೆಲ್ಲ ಕಾಲೆತ್ತಿ ತೋರಿಸಿದರು.

ಆ ಉತ್ಸಾಹಕ್ಕೆ ನೀರೆರಚಿದವಳೂ ಸೂಜಿಯೇ. ಬಟ್ಟೆಯನ್ನು ಯಾರಾದರೂ ತೊಟ್ಟರೆ ಒಗೆಯದೆ ಇರುತ್ತಾರೆಯೇ ಎಂದು ಅವಳು ಚೂರುಗಳನ್ನು ಸೋಪಿನಲ್ಲಿ ಮತ್ತೆ ಮತ್ತೆ ಒಗೆದು ತಟ್ಟೆಗೆ ಹಾಕಿದ್ದಳು. ಮೊದಲು ಬಳೆ ಸಣ್ಣದಾಯಿತು. ಇನ್ನಷ್ಟು ಒಗೆದ ಮೇಲೆ ಕೂದಲೆಳೆಯಷ್ಟಾಯಿತು. ಆಮೇಲೆ ಇಲ್ಲವೇ ಇಲ್ಲ; ಹೊಂಬಣ್ಣದ ಮಂಜು ಹಳದಿ ಚೂರನ್ನೂ ಬಿಳಿಯದರಷ್ಟೇ ಸಲೀಸಾಗಿ ಮುಚ್ಚಿತ್ತು. ಬಣ್ಣ ಕಣ್ಣಿಗೆ ಹಾಗೇ ಕಾಣುತ್ತಿತ್ತು, ಒಗರು ಮಾತ್ರ ಸೋಪಿನ ನೀರಿನಲ್ಲಿ ಚರಂಡಿ ಸೇರಿತ್ತು. ಆ ದಿನ ಮನೆಗೆ ಬಂದ ಬಣ್ಣದಕ್ಕ ಬೀದಿಯವರ ಮುಖ ನೋಡಲಾರದೆ ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು.

ಆದರೆ ಕೈಚೆಲ್ಲಿ ಕೂರಲು ಅವಳಿಗೆ ಬರುವುದಿಲ್ಲ. ಬಣ್ಣ ಬಟ್ಟೆಗೆ ಕಚ್ಚುವಂತೆ ಮಾಡುವುದು ಅವಳ ಕಸುಬೇ ತಾನೆ? ಕಣ್ಣಿಗೆ ಕಾಣುವುದನ್ನು ಕಚ್ಚಿಸಿದವಳು ಕಾಣದ್ದನ್ನೂ ಕಚ್ಚಿಸಬೇಕು, ಅಷ್ಟೆ. ಪಟಿಕವನ್ನು ಮೊದಲು ಹಾಕಿ ನೋಡಿದಳು, ಆಮೇಲೆ ಹಾಕಿ ನೋಡಿದಳು. ಹಸಿ ಸಿಪ್ಪೆ, ಒಣ ಸಿಪ್ಪೆ, ಕುದಿ ಬರುವ ಮುನ್ನವೇ ಇಳಿಸಿದ್ದು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟದ್ದು. ಪ್ರತಿಯೊಂದರ ಚೂರೂ ನೆಲಮಾಳಿಗೆಗೆ ಹೋಗುತ್ತಿತ್ತು. ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಸೂಜಿ ಅವನ್ನು ತಟ್ಟೆಗೆ ಹಾಕುತ್ತಿದ್ದಳು. ಇಲ್ಲ ಎಂದು ಒಂದೇ ಮಾತಿನ ಉತ್ತರ ಬರುತ್ತಿತ್ತು. ಆ ಇಲ್ಲಗಳಲ್ಲೂ ಕ್ರಮೇಣ ಚುಚ್ಚು ಕಡಿಮೆಯಾಯಿತು. ಇವತ್ತು ಒಂಚೂರು ಮೇಲು ಅತ್ತಿಗೆ ಎಂದು ತಾನಾಗಿಯೇ ಹೇಳುವ ದಿನಗಳೂ ಬಂದವು.

ದಾರಿ ಸಿಕ್ಕಿದ್ದು ಬಣ್ಣದಕ್ಕನ ಜ್ವರದಿಂದ. ಜ್ವರ ಬಂದು ಅವಳು ಹಾಸಿಗೆ ಹಿಡಿದಾಗ, ಪಟಿಕದಲ್ಲಿ ಅದ್ದಿ ಬಣ್ಣ ಹಾಕಿದ ಬಟ್ಟೆಯೊಂದು ಜಾಲಿಸದೆಯೇ ನೆರಳಿನ ಹಗ್ಗದ ಮೇಲೆ ಉಳಿದುಹೋಗಿತ್ತು. ಎದ್ದು ಓಡಾಡುವ ಹೊತ್ತಿಗೆ ತಿಂಗಳೇ ಆಗಿತ್ತು. ಹಾಳಾಯಿತೆಂದುಕೊಂಡೇ ಅದರ ಚೂರು ಕಳಿಸಿದಳು. ಎಷ್ಟು ಒಗೆದರೂ ಅದರ ಬಳೆ ಕಿರಿದಾಯಿತೇ ಹೊರತು ಅಳಿಯಲಿಲ್ಲ. ಬಣ್ಣಕ್ಕೂ ಎಳೆಗೂ ಹೊಂದಿಕೊಳ್ಳಲು ಸಮಯ ಬೇಕಿತ್ತು, ತಾನು ಅವಸರ ಮಾಡಿ ನೀರಿಗೆ ಹಾಕುತ್ತಿದ್ದೆ ಎಂದು ಅವಳಿಗೆ ಅರ್ಥವಾಯಿತು. ಅದೇ ರೀತಿ ಮತ್ತೆ ಮಾಡಿದಾಗ ಮತ್ತೆ ಅದೇ ಬಂತು.

ಆ ಖುಷಿಯಲ್ಲಿ ನೆಲಮಾಳಿಗೆಗೆ ಹೋದವಳಿಗೆ ಸೂಜಿ ಬೇರೆಯೇ ಒಂದು ತಟ್ಟೆ ತೋರಿಸಿದಳು. ಅದರಲ್ಲಿ ಬಳೆಯೇ ಇರಲಿಲ್ಲ. ಬಿಳಿ ಚೂರು ಹಳದಿ ಚೂರು ಎರಡನ್ನೂ ದಾಟಿ ಜೀವಿಗಳು ಹರಡಿದ್ದವು. ತಟ್ಟೆಯ ಗಂಜಿಯೆಲ್ಲ ತಿಳಿಹಸಿರಿಗೆ ತಿರುಗಿತ್ತು. ಈ ಜಾತಿ ಯಾವುದಕ್ಕೂ ಸುಲಭವಾಗಿ ಬಗ್ಗುವುದಿಲ್ಲ, ಸುಟ್ಟ ಗಾಯದವರ ವಾರ್ಡಿನಲ್ಲಿ ಇದರದೇ ಕಾಟ, ನಿಮ್ಮ ಒಗರು ಇದಕ್ಕೆ ಲೆಕ್ಕಕ್ಕೇ ಇಲ್ಲ ಎಂದು ಸೂಜಿ ಹೇಳಿದಳು. ಬಣ್ಣದಕ್ಕ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕಣ್ಣು ಬಿಳಿ ಚೂರಿನ ಮೇಲಿತ್ತು. ಅದು ಈಗ ಬಿಳಿಯಾಗಿರಲಿಲ್ಲ. ನವಿಲಿನ ಕತ್ತಿನ ಬಣ್ಣ ತೆಳ್ಳಗೆ ಹತ್ತಿತ್ತು.

"ಈ ಬಣ್ಣ ಯಾರು ಹಾಕಿದ್ದು?"

"ಅದೇ. ಹಸಿರುನೀಲಿ ಒಂದನ್ನ ತಾನೇ ಮಾಡಿ ಸುತ್ತ ಬಿಡುತ್ತೆ. ಬೇರೆ ಜೀವಿಗಳು ಹತ್ತಿರ ಬರದ ಹಾಗೆ."

ಬಣ್ಣದಕ್ಕ ಆ ಚೂರಿನಿಂದ ಕಣ್ಣು ತೆಗೆಯಲಿಲ್ಲ. ಗಿಡ ಬಣ್ಣ ಮಾಡಿ ಇವನ್ನು ದೂರ ಇಡುತ್ತದೆ. ಇವೂ ಬಣ್ಣ ಮಾಡಿ ತಮ್ಮಂಥ ಬೇರೆ ಜೀವಿಗಳನ್ನು ದೂರ ಇಡುತ್ತವೆ. ಸಾಸಿವೆಗಿಂತ ಸಾವಿರ ಪಾಲು ಸಣ್ಣದೊಂದು, ಕೈಯಿಲ್ಲ ಕಾಲಿಲ್ಲ, ಒಲೆಯಿಲ್ಲ ಪಾತ್ರೆಯಿಲ್ಲ, ಅವಳ ಕಣ್ಣೆದುರೇ ಒಂದು ಬಟ್ಟೆಗೆ ಬಣ್ಣ ಹಾಕಿತ್ತು. ಅದೂ ಒಂದು ಮಚ್ಚೆಯಿಲ್ಲದೆ.

"ಇದು ನನ್ನ ಕಸುಬಿನದೇ ಕಣೆ," ಎಂದಳು ಕೊನೆಗೆ. "ನನ್ನ ಹತ್ರಾನೂ ಇಂಥದೊಂದು ಇದೆ ಅನ್ಸುತ್ತೆ. ನೀನು ಬಂದು ನೋಡ್ಬೇಕು."

ಬಣ್ಣದ ಕೋಣೆಗೆ ಸೂಜಿ ಅದುವರೆಗೆ ಕಾಲಿಟ್ಟಿರಲಿಲ್ಲ. ಹಿಂದೆ ಅದು ಹಳೆಯ ಒಲೆಯ ಮನೆ. ಅಪ್ಪ ಕೈ ತರಚಿಕೊಂಡದ್ದು ಅಲ್ಲೇ. ಬಂದ ದಿನ ಅವಳು ಹೊಸ್ತಿಲಲ್ಲಿ ನಿಂತು ಗೋಡೆಯನ್ನೂ ಮಾಡನ್ನೂ ನೋಡಿದಳು. ಹಗ್ಗದ ಮೇಲೆ ಕೆಂಪು, ಹಳದಿ, ಕಂದು ಬಟ್ಟೆಗಳು ತೂಗುತ್ತಿದ್ದವು. ಹೆಗಲ ಚೀಲದಲ್ಲಿ ಓದುವ ಕಾಲದಲ್ಲಿ ಕೊಂಡ ಹಳೆಯ ಮೈಕ್ರೋಸ್ಕೋಪ್ ಇತ್ತು. ಮೂಲೆಯಲ್ಲಿ ಕಂಬಳಿ ಸುತ್ತಿದ ದೊಡ್ಡ ಬಾನಿಯೊಂದರ ಬಳಿ ಬಣ್ಣದಕ್ಕ ಅವಳನ್ನು ಕರೆದುಕೊಂಡು ಹೋದಳು.

ನೀಲಿಯ ಬಾನಿ ಅದು. ನೀಲಿ ಗಿಡದ ಎಲೆಯಿಂದ ತೆಗೆದ ಬಣ್ಣದ ಗಟ್ಟಿಯನ್ನು ಎಷ್ಟು ಅರೆದರೂ ಅದು ನೀರಿನಲ್ಲಿ ಕರಗುವುದಿಲ್ಲ, ಬಟ್ಟೆಗೆ ಹತ್ತುವುದೂ ಇಲ್ಲ. ಬೂದಿಯ ತಿಳಿನೀರಿಗೆ ಅದನ್ನು ಹಾಕಿ, ಜೊತೆಗೆ ಗೋಧಿಯ ತೌಡು ಹಾಕಿ, ಬೆಚ್ಚಗೆ ಮುಚ್ಚಿಟ್ಟು ಕಾಯಬೇಕು. ಕೆಲವು ದಿನಗಳಲ್ಲಿ ಬಾನಿ ಎಚ್ಚರಗೊಳ್ಳುತ್ತದೆ ಎನ್ನುವುದು ಬಣ್ಣದಕ್ಕನ ಮಾತು. ಆಮೇಲೆ ಅದಕ್ಕೆ ಹಸಿವಾಗುತ್ತದೆ, ತೌಡು ಕೊಡಬೇಕು. ಚಳಿಯಾದರೆ ಮಂಕಾಗುತ್ತದೆ, ಹೊದಿಸಬೇಕು. ಹೆಚ್ಚು ಕೆಲಸ ಕೊಟ್ಟರೆ ಸುಸ್ತಾಗುತ್ತದೆ, ಬಿಡುವು ಕೊಡಬೇಕು. ಕಲಿಸಿದವರು ಹೀಗೆಯೇ ಹೇಳಿದ್ದರು, ಅವಳು ಹೀಗೆಯೇ ನೋಡಿಕೊಂಡು ಬಂದಿದ್ದಳು. ಅದು ಆಡುವ ಮಾತೋ ಇದ್ದ ಮಾತೋ ಎಂದು ಅವಳಿಗೂ ಸ್ಪಷ್ಟವಿರಲಿಲ್ಲ.

ಕಂಬಳಿ ಸರಿಸಿ ಮುಚ್ಚಳ ತೆಗೆದಾಗ ದನದ ಕೊಟ್ಟಿಗೆಯನ್ನೂ ಹಳಸಿದ ಗಂಜಿಯನ್ನೂ ನೆನಪಿಸುವ ವಾಸನೆ ಎದ್ದಿತು. ಮೇಲೆ ತಾಮ್ರದ ಹೊಳಪಿನ ಕೆನೆ, ನಡುವೆ ಕಡುನೀಲಿ ನೊರೆ. ಕೆನೆ ಸರಿಸಿದರೆ ಕೆಳಗಿನ ನೀರು ನೀಲಿಯಲ್ಲ, ಹಳದಿ ಬೆರೆತ ಹಸಿರು. ಸೂಜಿ ಮೂಗು ಮುಚ್ಚಲಿಲ್ಲ. ಇಂಥ ಬಾನಿಗಳ ಬಗ್ಗೆ ತಾನು ಓದಿದ್ದೇನೆ, ಕಣ್ಣಾರೆ ಕಂಡಿರಲಿಲ್ಲ ಎಂದಳು. ಕೆಳಗಿನ ನೀರಿನ ಒಂದು ಹನಿಯನ್ನು ಗಾಜಿನ ಪಟ್ಟಿಗೆ ಹಾಕಿ, ಕಿಟಕಿಯ ಬಳಿ ಕೂತು ಮೈಕ್ರೋಸ್ಕೋಪಿನ ತಿರುಪನ್ನು ತಿರುಗಿಸುತ್ತ ಹೋದಳು. ಒಮ್ಮೆ ಕೈ ನಿಂತಿತು. ಹಾಗೇ ಬಹಳ ಹೊತ್ತು ಬಗ್ಗಿ ನೋಡುತ್ತಲೇ ಇದ್ದಳು.

"ನೋಡಿ," ಎಂದು ಜಾಗ ಬಿಟ್ಟಳು.

ಬಣ್ಣದಕ್ಕ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಇಟ್ಟಳು. ಮೊದಲು ಬರೀ ಬೆಳಕು. ಆಮೇಲೆ ಆ ಬೆಳಕಿನೊಳಗೆ ಸಣ್ಣ ಸಣ್ಣ ಕಡ್ಡಿಗಳು, ಲೆಕ್ಕವಿಲ್ಲದಷ್ಟು. ಕೆಲವು ಸುಮ್ಮನೆ ತೇಲುತ್ತಿದ್ದವು. ಕೆಲವು ಒಮ್ಮೆಲೇ ಹೊರಳಿ ದಿಕ್ಕು ಬದಲಿಸಿ, ಯಾರೋ ಕರೆದ ಹಾಗೆ ನೆಟ್ಟಗೆ ಓಡುತ್ತಿದ್ದವು. ಒಂದು ಮಧ್ಯದಲ್ಲಿ ಸಣ್ಣಗಾಗಿ, ಎರಡಾಗಿ ಬೇರೆಯಾಗುವುದರಲ್ಲಿತ್ತು. ನೀಲಿಯ ಕಣಗಳ ಸುತ್ತ ಅವು ಮುತ್ತಿಕೊಂಡಿದ್ದವು. ಅವಳು ಇಷ್ಟು ವರ್ಷ ತೌಡು ಹಾಕಿ, ಕಂಬಳಿ ಹೊದಿಸಿ, ಸುಸ್ತಾಯಿತೇ ಎಂದು ವಿಚಾರಿಸಿಕೊಂಡದ್ದು ಇವರನ್ನು. ಬಣ್ಣದಕ್ಕನ ಕಣ್ಣು ತುಂಬಿ ಗಾಜು ಮಸುಕಾಯಿತು.

ಗಟ್ಟಿಯಾದ ನೀಲಿಯನ್ನು ಕರಗಿಸುತ್ತಿರುವುದು ಇವೇ ಎಂದು ಸೂಜಿ ಹೇಳಿದಳು. ತೌಡು ತಿಂದು ಬದುಕುವಾಗ ಇವು ನೀಲಿಯ ರೂಪವನ್ನೇ ಬದಲಿಸಿ ನೀರಿಗೆ ಬಿಡುತ್ತವೆ. ಹಾಗೆ ಬಿಟ್ಟದ್ದು ಬಟ್ಟೆಯ ಎಳೆಯೊಳಗೆ ಹೋಗಿ ಕೂರುತ್ತದೆ. ಇವಿಲ್ಲದಿದ್ದರೆ ಈ ಬಾನಿ ಬರೀ ಕೆಸರು ನೀರು.

"ನಾನು ಈ ಕೆಲಸಕ್ಕೆ ಸೇರಿದ್ದೇ ಇವನ್ನ ಕೊಲ್ಲೋಕೆ ಅತ್ತಿಗೆ," ಎಂದಳು ಆಮೇಲೆ, ಮೆಲ್ಲಗೆ. "ಒಂದು ಸಲಾನೂ ಹೀಗೆ, ಏನೂ ಮಾಡದೆ, ಬರೀ ನೋಡ್ಲಿಲ್ಲ."

ಬಣ್ಣದಕ್ಕ ದಾಳಿಂಬೆ ಹಳದಿಯ ಒಂದು ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಹಿಂಡಿ ಅವಳ ಕೈಗೆ ಕೊಟ್ಟಳು. ಗಾಳಿ ಸೇರದ ಹಾಗೆ ಬಾನಿಯ ಅಂಚಿನಿಂದ ಮೆಲ್ಲಗೆ ಇಳಿಸಬೇಕು, ಒಳಗೇ ಬಿಡಿಸಿ ಹರಡಬೇಕು ಎಂದು ಹೇಳಿಕೊಟ್ಟಳು. ಸೂಜಿ ಅಭ್ಯಾಸಬಲದಿಂದ ಜೇಬಿನಲ್ಲಿ ಗವಸು ಹುಡುಕಿದಳು. ಅದು ಇರಲಿಲ್ಲ. ಒಂದು ಕ್ಷಣ ಅಂಗೈ ತಿರುಗಿಸಿ ನೋಡಿಕೊಂಡಳು. ಎಲ್ಲೂ ಗೀರಿಲ್ಲ, ಗಾಯವಿಲ್ಲ. ತೋಳು ಮಡಚಿ ಮೊಣಕೈವರೆಗೆ ಕೈ ಇಳಿಸಿದಳು. ಬಾನಿಯ ನೀರು ಮೈಯಷ್ಟೇ ಬೆಚ್ಚಗಿತ್ತು.

ಸ್ವಲ್ಪ ಹೊತ್ತಿನ ನಂತರ ಹೊರಗೆ ತೆಗೆದ ಬಟ್ಟೆ ಎಳೆ ಮಾವಿನ ಬಣ್ಣದಲ್ಲಿತ್ತು. ಗಾಳಿ ತಾಗಿದ್ದೇ ತಡ, ಅಂಚಿನಿಂದ ಶುರುವಾಗಿ ಕಡುಹಸಿರು ಒಳಗೊಳಗೆ ನಡೆದು ಬಂತು, ಮಡಿಕೆಗಳಲ್ಲಿ ತಡೆದು ನಿಂತು ಮತ್ತೆ ಮುಂದುವರಿಯಿತು. ಬಣ್ಣದಕ್ಕ ಇದನ್ನು ಎಷ್ಟು ಸಲ ನೋಡಿದ್ದಳೋ. ಆದರೂ ಮೊದಲ ಸಲ ನೋಡುವವರ ಪಕ್ಕ ನಿಂತು ನೋಡುವುದೇ ಬೇರೆ. ಸೂಜಿ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತೇ ಇದ್ದಳು, ಮೊಣಕೈಯಿಂದ ನೀಲಿ ತೊಟ್ಟಿಕ್ಕುತ್ತಿತ್ತು.

ಆ ವಾರದಿಂದ ಬಾನಿಗೆ ತೌಡು ಹಾಕುವ ಕೆಲಸವನ್ನು ಸೂಜಿ ತಾನೇ ವಹಿಸಿಕೊಂಡಳು. ಆಸ್ಪತ್ರೆಯಲ್ಲಿ ಕೊಲ್ಲುತ್ತಾಳೆ, ಮನೆಗೆ ಬಂದು ಊಟ ಹಾಕುತ್ತಾಳೆ, ಇವಳ ಲೆಕ್ಕ ತಮಗೆ ಹತ್ತುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಆದರೆ ತೌಡಿನ ಡಬ್ಬಿ ತುಂಬಿಸಿಡುತ್ತಿದ್ದವರೂ ಅವರೇ.

ನೀಲಿ ಬಾನಿಯಲ್ಲಿ ಅದ್ದಿ ಹಸಿರಾದ ದಾಳಿಂಬೆ ಬಟ್ಟೆಯ ಸುತ್ತಲೂ ಬಳೆ ಬಂತು. ಚರ್ಮದ ವಿಭಾಗದ ವೈದ್ಯೆಗೆ ಸೂಜಿ ತಟ್ಟೆಗಳನ್ನೆಲ್ಲ ತೋರಿಸಿದಳು, ಸೋತದ್ದನ್ನೂ ಸೇರಿಸಿ. ಅವರು ಬಹಳ ಎಚ್ಚರದವರು. ಗಾಯಕ್ಕೆ ತಾಗುವ ಹಾಗಿಲ್ಲ, ಔಷಧಿ ನಿಲ್ಲಿಸುವ ಹಾಗಿಲ್ಲ, ಮಲಗಿದಲ್ಲೇ ಇರುವ ಕೆಲವರಿಗೆ ದಿಂಬಿನ ಚೀಲ ಮತ್ತು ಹೊದಿಕೆ ಮಾತ್ರ ಕೊಟ್ಟು ನೋಡೋಣ ಎಂದರು. ರೋಗಿಗಳ ಒಪ್ಪಿಗೆ ಪಡೆದು ಶುರುಮಾಡಿದರು. ಬೆವರಿನ ವಾಸನೆ ಕಡಿಮೆಯಾಗಿದೆ, ಕತ್ತಿನ ಮಡಿಕೆಯ ತುರಿಕೆ ಕೆಲವರಲ್ಲಿ ಇಳಿದಿದೆ ಎಂದು ನರ್ಸುಗಳು ಹೇಳಿದರು. ವೈದ್ಯೆ ಮಾತ್ರ ಇನ್ನೂ ನೋಡಬೇಕು ಎಂಬುದಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ. ಅದೇ ಸರಿ ಎಂದು ಬಣ್ಣದಕ್ಕನಿಗೂ ಈಗ ಅನ್ನಿಸುತ್ತಿತ್ತು. ಈ ಸಲ ಅವಳು ಬೀದಿಯಲ್ಲಿ ಯಾರಿಗೂ ಏನೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಅವಳು ತಡೆಯಲಾರದೆ ಆ ವಾರ್ಡಿಗೆ ಹೋದಳು. ನೋಡಲು ಬರುವವರ ಸಮಯ. ಸಾಲು ಹಾಸಿಗೆಗಳ ನಡುವೆ ಅಲ್ಲಲ್ಲಿ ಹಸಿರು ದಿಂಬುಗಳು ಕಂಡವು. ಒಂದರ ಮೇಲೆ ಕೆನ್ನೆಯಿಟ್ಟು ವಯಸ್ಸಾದ ಹೆಂಗಸೊಬ್ಬರು ನಿದ್ದೆ ಹೋಗಿದ್ದರು, ಬಾಯಿ ತುಸು ತೆರೆದಿತ್ತು, ಉಸಿರು ಬಂದು ಹೋದಾಗ ದಿಂಬಿನ ಅಂಚಿನ ದಾರ ಅಲ್ಲಾಡುತ್ತಿತ್ತು. ಬಣ್ಣದಕ್ಕ ಮಂಚದ ಕಾಲ ಬಳಿ ನಿಂತಳು. ಆ ಕೆನ್ನೆಯ ಮೇಲೆ, ಆ ಬಟ್ಟೆಯ ಎಳೆಗಳಲ್ಲಿ, ಅವಳ ಕಣ್ಣಿಗೆ ಎಂದೂ ಕಾಣದ ಎಷ್ಟೋ ಜೀವಗಳು ಈಗ ಬರುತ್ತಿದ್ದವು, ತಡೆದು ನಿಲ್ಲುತ್ತಿದ್ದವು. ಕೆಲವು ದಾಟಿಯೂ ಹೋಗುತ್ತಿರಬಹುದು. ಏನೂ ಸದ್ದಿರಲಿಲ್ಲ.

ಪಕ್ಕದಲ್ಲಿ ಬಂದು ನಿಂತ ನರ್ಸ್ ಮೆಲ್ಲಗೆ, "ಯಾರನ್ನ ನೋಡ್ಬೇಕಿತ್ತು?" ಎಂದು ಕೇಳಿದಳು.

ಬಣ್ಣದಕ್ಕ ಆ ಹಸಿರು ದಿಂಬಿನತ್ತ ಕೈ ತೋರಿಸಿದಳು. ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ನಿಂತಿರಬಹುದಾ ಎಂದಷ್ಟೇ ಕೇಳಿದಳು. ನರ್ಸ್ ಗೋಡೆಯ ಬಳಿಯಿದ್ದ ಕುರ್ಚಿಯನ್ನು ಎಳೆದು ಹಾಕಿದಳು.